ನಾಲ್ಕನೆಯ ಅಂತಸ್ತಿನ ಎಳೆ

ತೂಗುಗಲ್ಲಿನ ಕೇರಿ,
ಕೆಂಧೂಳಿಯ ಎಣಿಕೆಯಲ್ಲಿ ವರ್ಷ ಮುನ್ನೂರ ಹನ್ನೆರಡು, ಹಿರಿಯರ ತಿಂಗಳ ಮೂವತ್ತೇಳನೆಯ ಬೆಳಗು.

ನಮಗಿಂತ ಮೊದಲು ಈ ನೆಲದ ಮೇಲೆ ಬಾಳಿದ ಹಿರಿಯರಿಗೆ, ಮಂಗ ಕಾಯುವ ಹುಲಿಗೆವ್ವನ ಶರಣು.

ತಿಂಗಳಿಗೆ ಮೂವತ್ತೇಳು ದಿನ ಹೇಗಾಯಿತು ಎಂದು ನೀವು ಕೇಳಬಹುದು. ಕೆಂಧೂಳಿ ಕವಿದ ಮೇಲೆ ಚಂದ್ರ ಕಾಣುವುದು ಅಪರೂಪ. ಕಂಡ ದಿನ ಹೊಸ ತಿಂಗಳು ಎಂದುಕೊಳ್ಳುತ್ತೇವೆ. ನನ್ನ ಮಾತು ನಿಮ್ಮ ಕಿವಿಗೆ ವಿಚಿತ್ರವಾಗಿ ಬಿದ್ದರೆ ಮನ್ನಿಸಬೇಕು. ನಿಮ್ಮ ಕಾಲದ ನಾಲ್ಕು ಪುಸ್ತಕಗಳು ಮಾತ್ರ ನಮ್ಮಲ್ಲಿ ಉಳಿದಿವೆ. ಒಂದು ಅಡುಗೆಯದು, ಒಂದು ಮೋಟಾರು ರಿಪೇರಿಯದು, ಎರಡು ತಲೆಯೊಳಗಿನ ನರಗಳದು. ನಾನು ಬರೆಯಲು ಕಲಿತದ್ದು ಅವುಗಳಿಂದ. ಹೀಗಾಗಿ ಒಗ್ಗರಣೆ, ಬೋಲ್ಟು, ನರ ಮೂರೂ ಒಂದೇ ಸಾಲಿನಲ್ಲಿ ಕಲಸಿಹೋಗಿದ್ದರೆ ಆ ಪುಸ್ತಕಗಳನ್ನು ಬೈಯಿರಿ, ನನ್ನನ್ನಲ್ಲ. ಇನ್ನೊಂದು ತೊಂದರೆಯೂ ಇದೆ. ಬರೆದದ್ದನ್ನು ಮತ್ತೆ ಓದಿದರೆ, ನಾನು ಏನು ಬರೆಯಬೇಕೆಂದಿದ್ದೆನೋ ಅದೇ ನನಗೆ ಕಾಣುತ್ತದೆ. ಏನು ಬರೆದಿದ್ದೇನೋ ಅದು ಕಾಣುವುದಿಲ್ಲ. ಬೇರೆ ಕಾಗದಗಳನ್ನು ಮೊಮ್ಮಗಳು ಸುಂಕಿ ಓದಿ ತಿದ್ದಿಕೊಡುತ್ತಾಳೆ. ಇದನ್ನು ಅವಳ ಕೈಗೆ ಕೊಡುವಂತಿಲ್ಲ.

ನಿಮ್ಮ ಕಾಲದಲ್ಲಿ ಹಿರಿಯರ ಹಬ್ಬಕ್ಕೆ ಎಡೆ ಇಟ್ಟು ಕಾಗೆಗಾಗಿ ಕಾಯುತ್ತಿದ್ದರಂತೆ. ನಾವೂ ಎಡೆ ಇಡುತ್ತೇವೆ. ಕಾಗೆಗಳು ಈಗಿಲ್ಲ. ಮಂಗ ಬಂದು ಮುಟ್ಟಿದರೆ ಹಿರಿಯರು ಮುಟ್ಟಿದಂತೆ ಎಂದು ಕಟ್ಟಳೆ ಮಾಡಿಕೊಂಡಿದ್ದೇವೆ. ಎಡೆಯ ಪಕ್ಕದಲ್ಲಿ ಮನೆಯ ಹಿರಿಯ ಜೀವ ಬರೆದ ಒಂದು ಪತ್ರ ಇಡುವುದು ರೂಢಿ. ಜನ ಮಳೆ ಕೇಳುತ್ತಾರೆ, ಮಗಳಿಗೆ ವರ ಕೇಳುತ್ತಾರೆ, ಸೊಂಟನೋವು ವಾಸಿಯಾಗಲಿ ಎಂದು ಕೇಳುತ್ತಾರೆ. ಮೂವತ್ತು ವರ್ಷ ನಾನೂ ಸೊಂಟನೋವಿನ ಬಗ್ಗೆಯೇ ಬರೆದು, ನಿಮ್ಮಿಂದ ಏನೂ ಗಿಟ್ಟದೆ ಸುಮ್ಮನಾದವಳು. ಈ ವರ್ಷ ಕೇಳುವುದು ಬೇರೆ ಇದೆ. ಇವತ್ತು ಮಧ್ಯಾಹ್ನ ಸುಂಕಿಗೆ ಎಳೆ ಹಾಕುತ್ತಾರೆ. ಅವಳ ತಲೆ ಹಿಡಿದುಕೊಳ್ಳಬೇಕಾದವಳು ನಾನು.

ಎಳೆ ಎಂದರೆ ಏನೆಂದು ಹೇಳದೆ ಮುಂದೆ ಹೋದರೆ ನಿಮಗೆ ತಲೆಬುಡ ತಿಳಿಯುವುದಿಲ್ಲ. ಕಣ್ಣು ತಾನೇ ನೋಡುವುದಿಲ್ಲ, ಸುದ್ದಿ ಕಳಿಸುತ್ತದೆ. ಆ ಸುದ್ದಿ ಹೋಗಿ ಇಳಿಯುವುದು ತಲೆಯ ಹಿಂಬದಿಯ ಒಂದು ತೆಳುವಾದ ಹೊದಿಕೆಯಲ್ಲಿ. ನಾವು ಅದನ್ನು ಮೊದಲ ಮನೆ ಎನ್ನುತ್ತೇವೆ. ಅದಕ್ಕೆ ಅಂಟಿಕೊಂಡು, ಅದನ್ನು ಸುತ್ತುವರಿದು ಎರಡನೆಯ ಮನೆ ಇದೆ. ಮೊದಲ ಮನೆ ಗೆರೆ, ಅಂಚು, ಬಣ್ಣ ಎಂದು ಚೂರುಚೂರಾಗಿ ಹಿಡಿದದ್ದನ್ನು ಎರಡನೆಯದಕ್ಕೆ ದಾಟಿಸುತ್ತದೆ. ಎರಡನೆಯದು ಆ ಚೂರುಗಳನ್ನು ಕೂಡಿಸಿ, ಇದು ಬಂಡೆಯ ಅಂಚು, ಇದು ಅದರ ಹಿಂದೆ ಅರ್ಧ ಮರೆಯಾದ ಗಿಡ ಎಂದು ಅಂದಾಜು ಕಟ್ಟುತ್ತದೆ. ಇಷ್ಟು ಯಾರಿಗಾದರೂ ತಿಳಿಯುತ್ತದೆ. ಜನ ಮರೆಯುವುದು ಏನೆಂದರೆ, ಎರಡನೆಯ ಮನೆಯಿಂದ ಮೊದಲ ಮನೆಗೆ ತಿರುಗಿ ಬರುವ ದಾರಿಗಳೂ ಇವೆ, ಅವು ಹೋಗುವ ದಾರಿಗಳಿಗಿಂತ ಕಡಿಮೆಯೇನಲ್ಲ. ಹೋಗುವ ದಾರಿಯಲ್ಲಿ ಸುದ್ದಿ, ಬರುವ ದಾರಿಯಲ್ಲಿ ಊಹೆ. ಒಂದೇ ಅಡುಗೆಮನೆಯ ಅತ್ತೆ ಸೊಸೆಯರ ಹಾಗೆ ಎರಡೂ ದಿನವಿಡೀ ಮಾತಾಡುತ್ತಲೇ ಇರುತ್ತವೆ.

ಮೊದಲ ಮನೆಗೆ ಆರು ಅಂತಸ್ತು, ಎಣಿಸುವುದು ಮಾಡಿನಿಂದ ಕೆಳಕ್ಕೆ. ಕಣ್ಣಿನ ಸುದ್ದಿ ಬಹುಪಾಲು ಬಂದು ಇಳಿಯುವುದು ನಾಲ್ಕನೆಯ ಅಂತಸ್ತಿಗೆ. ಊಹೆಯ ದಾರಿಗಳು ಮಾಡಿನ ಅಂತಸ್ತಿಗೂ ತಳದ ಅಂತಸ್ತುಗಳಿಗೂ ಬಂದು ಹೋಗುತ್ತವೆಯೇ ಹೊರತು ನಾಲ್ಕನೆಯದರೊಳಗೆ ಕಾಲಿಡುವುದಿಲ್ಲ. ಮಂಗನ ತಲೆಯಲ್ಲಿ ಹಾಗೆ, ಮನುಷ್ಯನ ತಲೆಯಲ್ಲೂ ಹಾಗೆಯೇ. ನಿಮ್ಮ ಕಾಲದವರು ಮಂಗಗಳ ಮಿದುಳಿಗೆ ಬಣ್ಣ ಹರಿಸಿ ಈ ದಾರಿಗಳನ್ನು ಒಂದೊಂದಾಗಿ ಗುರುತಿಸಿದ್ದರಂತೆ. ಪುಸ್ತಕದಲ್ಲಿ ಆ ಚಿತ್ರಗಳಿವೆ. ಊಹೆಯ ದಾರಿಗಳ ಬಣ್ಣ ಮೇಲೆ ದಟ್ಟವಾಗಿದೆ, ಕೆಳಗೆ ದಟ್ಟವಾಗಿದೆ, ನಡುವೆ ನಾಲ್ಕನೆಯ ಅಂತಸ್ತು ಬೆಳ್ಳಗೆ ಖಾಲಿ ಉಳಿದಿದೆ. ಊಹೆ ಮಾಡುವವರು ಸುದ್ದಿ ಇಳಿಯುವ ಕೋಣೆಗೆ ಹೋಗಬಾರದೆಂದು ಯಾರೋ ಬಾಗಿಲು ಹಾಕಿಟ್ಟಿದ್ದರು.

ಕೆಂಧೂಳಿ ಬಂದು ಎರಡು ತಲೆಮಾರಿಗೆ ಅರ್ಧ ಜನರ ಕಣ್ಣು ಮಂಜಾಯಿತು. ಆಗ ಹುಟ್ಟಿದ್ದು ಹಿನ್ನೆಳೆ, ನಾವು ಬರೀ ಎಳೆ ಎನ್ನುವುದು ಇದನ್ನೇ. ಜೇಡನ ನೂಲಿಗಿಂತ ಸಣ್ಣ ತಂತಿ. ಎರಡನೆಯ ಮನೆಯ ಊಹೆಯನ್ನು ಅದು ಮೊದಲ ಮನೆಗೆ ತಂದು ಮುಟ್ಟಿಸುತ್ತದೆ. ಅದನ್ನು ಮಾಡಿದವರು ಕೆಟ್ಟವರಲ್ಲ. ಮೊದಲು ಮಾಡಿನ ಅಂತಸ್ತಿಗೆ ಕೊಟ್ಟು ನೋಡಿದರು, ರೋಗಿಗೆ ಏನೂ ಕಾಣಲಿಲ್ಲ. ತಳಕ್ಕೆ ಕೊಟ್ಟರು, ಆಗಲೂ ಇಲ್ಲ. ಕೊನೆಗೆ ಬಾಗಿಲು ಒಡೆದು ನಾಲ್ಕನೆಯದಕ್ಕೆ ಕೊಟ್ಟರು. ಆ ಮನುಷ್ಯ ಒಂಬತ್ತು ವರ್ಷದ ಮೇಲೆ ಹೆಂಡತಿಯ ಮುಖ ಕಂಡು ಗಳಗಳನೆ ಅತ್ತನಂತೆ. ಇಷ್ಟು ವರ್ಷವಾದರೂ ಅವಳಿಗೆ ಒಂದು ನರೆಗೂದಲೂ ಬಂದಿಲ್ಲವೆಂದು ಊರಿಗೆಲ್ಲ ಹೇಳಿಕೊಂಡು ತಿರುಗಿದನಂತೆ. ಅಲ್ಲಿಗೇ ಅನುಮಾನ ಬರಬೇಕಿತ್ತು.

ಆ ಮೇಲೆ ಎಂಟು ವರ್ಷ ತುಂಬಿದ ಎಲ್ಲ ಮಕ್ಕಳಿಗೂ ಎಳೆ ಹಾಕುವುದು ಕಟ್ಟಳೆಯಾಯಿತು. ಹೀಗಾಗಿ ಹಿರಿಯರೇ, ನಾವು ನೋಡುವುದು ನಿನ್ನೆಯನ್ನು. ನಮ್ಮ ಮನೆಗಳಲ್ಲಿ ಕೊಡ ಇಟ್ಟ ಜಾಗದಲ್ಲೇ ಕೊಡ ಇರಬೇಕು. ಸೊಸೆಯಾದವಳು ಒಲೆಯ ಮುಂದಿನ ಹಲಗೆಯನ್ನು ಒಂದು ಗೇಣು ಸರಿಸಿದರೆ ಪಂಚಾಯಿತಿ ಸೇರುತ್ತದೆ, ಏಕೆಂದರೆ ಮಾವನ ಮೊಣಕಾಲು ಮುರಿಯುವುದು ಅಲ್ಲೇ. ಮರ ಬಿದ್ದರೆ ಒಂಬತ್ತು ದಿನ ಡಂಗುರ ಹೊಡೆದು, ಮರ ಬಿದ್ದಿದೆ, ಮರ ಬಿದ್ದಿದೆ ಎಂದು ಸಾರುತ್ತಾರೆ. ಅಷ್ಟಾದ ಮೇಲೆ ಎರಡನೆಯ ಮನೆ ಹಟ ಬಿಟ್ಟು ಒಪ್ಪಿಕೊಳ್ಳುತ್ತದೆ. ಸತ್ತವರ ಮನೆಯವರು ಹದಿಮೂರು ದಿನ ಕಣ್ಣಿಗೆ ಬಟ್ಟೆ ಕಟ್ಟಿಕೊಂಡಿರುತ್ತಾರೆ, ಇಲ್ಲದಿದ್ದರೆ ಸತ್ತವರು ಕಟ್ಟೆಯ ಮೇಲೆ ಕುಳಿತೇ ಇರುತ್ತಾರೆ. ಕೆಲವರು ಬೇಕೆಂದೇ ಬಟ್ಟೆ ಕಟ್ಟಿಕೊಳ್ಳುವುದಿಲ್ಲ. ನಾವು ಅವರನ್ನು ಬೈಯುವುದಿಲ್ಲ. ಮಕ್ಕಳು ಬೆಳೆದದ್ದು ತಾಯಂದಿರಿಗೆ ಗೊತ್ತಾಗುವುದು ಅಂಗಿ ತೋಳಿಗೆ ಏರದಿದ್ದಾಗ. ಥಟ್ಟನೆ ಆದದ್ದನ್ನು ಯಾರಾದರೂ ಎಡವಿ ತಿಳಿದು ಡಂಗುರ ಸಾರಬಹುದು. ಮೆಲ್ಲಗೆ ಆಗುವುದನ್ನು ಸಾರುವವರು ಯಾರು?

ಅದಕ್ಕೇ ಮಂಗಗಳು. ಅವಕ್ಕೆ ಎಳೆ ಇರಲಿಲ್ಲ. ನಮ್ಮ ಹಳಬರು ಬುದ್ಧಿವಂತರು, ಮಂಗ ನಡೆಯದ ದಾರಿಯಲ್ಲಿ ಮನುಷ್ಯ ನಡೆಯಬಾರದು ಎಂದು ಕಾನೂನು ಮಾಡಿದರು. ನಮ್ಮದು ಐದು ತಲೆಮಾರಿನಿಂದ ಮಂಗ ಕಾಯುವ ಮನೆತನ. ದಿನಾ ಬೆಳಗ್ಗೆ ಶೇಂಗಾ ಚೀಲ ಹೆಗಲಿಗೆ ಹಾಕಿಕೊಂಡು ನಲವತ್ತೊಂದು ಮಂಗಗಳನ್ನು ಊರಿನ ಎಲ್ಲ ಓಣಿಗಳಲ್ಲಿ ತಿರುಗಿಸುವುದು ನನ್ನ ಕೆಲಸ. ಎಲ್ಲಿ ಅವು ನಿಂತು ಹಲ್ಲು ಕಿರಿಯುತ್ತವೋ ಅಲ್ಲಿ ನಾನು ಹಗ್ಗ ಕಟ್ಟುತ್ತೇನೆ. ಕುಸಿದ ಬಾವಿಕಟ್ಟೆ, ಹೊಸದಾಗಿ ಬಿಟ್ಟ ಬಿರುಕು, ನೆರಳಲ್ಲಿ ಮಲಗಿದ ಹಾವು, ಎಲ್ಲವನ್ನೂ ನಮಗೆ ತೋರಿಸಿಕೊಟ್ಟದ್ದು ಅವೇ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ನೀವು ಹೇಳುತ್ತಿದ್ದಿರಂತೆ. ನಮ್ಮ ಪ್ರಮಾಣಕ್ಕೆ ಬಾಲವಿತ್ತು.

ನಮ್ಮೂರು ಇರುವುದು ತುಂಗಭದ್ರೆಯ ದಂಡೆಯ ಬಂಡೆಗುಡ್ಡದಲ್ಲಿ. ನೆತ್ತಿಯ ಮೇಲೆ ಮನೆಯಷ್ಟು ದೊಡ್ಡ ಗುಂಡೊಂದು ಇನ್ನೊಂದರ ಮೇಲೆ ಕುಳಿತಿದೆ, ಅದೇ ತೂಗುಗಲ್ಲು. ಅದರ ಬುಡದ ಅಂಗಳದಲ್ಲಿ ಧೂಳು ಕಡಿಮೆ. ಹಬ್ಬ, ಮದುವೆ, ಪಂಚಾಯಿತಿ ಎಲ್ಲ ಅಲ್ಲೇ. ಐದು ವರ್ಷದ ಹಿಂದೆ ಮಂಗಗಳು ಆ ಅಂಗಳಕ್ಕೆ ಬರುವುದನ್ನು ನಿಲ್ಲಿಸಿದವು. ಶೇಂಗಾ ಚೆಲ್ಲಿದರೂ ಬರಲಿಲ್ಲ. ಕಾನೂನಿನ ಪ್ರಕಾರ ಅಂಗಳಕ್ಕೆ ಹಗ್ಗ ಕಟ್ಟಬೇಕು, ಸುತ್ತಲಿನ ಮನೆಗಳನ್ನು ಬಿಡಬೇಕು. ಆರುನೂರು ಜನ ಎಲ್ಲಿಗೆ ಹೋಗುವುದು? ಪಂಚಾಯಿತಿ ಮೂರು ದಿನ ಕೂತಿತು. ಮೂರನೆಯ ದಿನ ನಮ್ಮ ಹಿರೇಮನುಷ್ಯ ಯಂಕೋಬಣ್ಣ ತೀರ್ಮಾನ ಹೇಳಿದ. ಮಂಗಗಳಿಗೂ ವಯಸ್ಸಾಗಿ ಕಣ್ಣು ಮಂಜಾಗಿದೆ, ಪಾಪ, ನಮ್ಮನ್ನು ಇಷ್ಟು ಕಾಲ ಕಾಯ್ದ ಜೀವಗಳಿಗೆ ನಾವೂ ಒಂದು ಉಪಕಾರ ಮಾಡಬೇಕು, ಅವಕ್ಕೂ ಎಳೆ ಹಾಕಿಸೋಣ ಎಂದ. ಎಲ್ಲರೂ ತಲೆದೂಗಿದರು. ನಾನೂ ತೂಗಿದೆ.

ತಲೆ ಹಿಡಿದವಳು ನಾನೇ. ನನ್ನ ಕೈ ಗಟ್ಟಿ, ಮಂಗಗಳಿಗೆ ನನ್ನ ವಾಸನೆ ಗೊತ್ತು. ನಲವತ್ತೊಂದೂ ನನ್ನ ಮಡಿಲಲ್ಲಿ ಮಿಸುಕಾಡದೆ ಕೂತವು. ತಾನು ಕೆಟ್ಟ ಕೋತಿ ವನವನ್ನೆಲ್ಲ ಕೆಡಿಸಿತು ಎಂಬ ಗಾದೆ ನಿಮ್ಮಲ್ಲಿತ್ತಲ್ಲ, ಇಲ್ಲಿ ಕೆಟ್ಟದ್ದು ನಾವು, ಕೆಡಿಸಿದ್ದು ಕೋತಿಗಳನ್ನು. ತಿಂಗಳೊಪ್ಪತ್ತಿನಲ್ಲಿ ಅವು ಅಂಗಳಕ್ಕೆ ಬಂದು ತೂಗುಗಲ್ಲಿನ ನೆರಳಲ್ಲೇ ಹೇನು ಹೆಕ್ಕುತ್ತ ಕೂತವು. ಊರಿಗೆ ಊರೇ ಹೋಳಿಗೆ ಮಾಡಿತು. ನಾನು ಐದು ತಿಂದೆ.

ಸುಂಕಿ ನನ್ನ ಮಗಳ ಮಗಳು. ಮಗಳು ಹೋದ ಮೇಲೆ ನನ್ನ ಹತ್ತಿರವೇ ಬೆಳೆದವಳು. ಈ ತಿಂಗಳು ಅವಳಿಗೆ ಎಂಟು ತುಂಬಿತು. ಎಳೆ ಹಾಕದ ಉಳಿದ ಮಕ್ಕಳ ಕಣ್ಣು ಧೂಳಿಗೆ ಮಂಜಾಗಿದೆ, ಅವಳ ಕಣ್ಣು ಚೆನ್ನಾಗಿದೆ. ನಿಮ್ಮ ಕಾಲದ ಕಣ್ಣು ಹೀಗೇ ಇದ್ದಿರಬೇಕು. ಹೋದ ವರ್ಷ ಹಬ್ಬದ ಊಟಕ್ಕೆ ಕೂತಾಗ ಅವಳು ಎಲೆ ಬಿಟ್ಟು ಎದ್ದು ನಿಂತಳು. "ಅಜ್ಜೀ, ಕಲ್ಲು ವಾಲೇತಿ" ಎಂದಳು. ನಾನು ನಕ್ಕು ಕೂಡಿಸಿದೆ. ಈ ವರ್ಷ ಮುಂಗಾರಿನಲ್ಲಿ ಮತ್ತೆ ಹೇಳಿದಳು. "ಮೊದಲಿಗಿಂತ ಜಾಸ್ತಿ ವಾಲೇತಿ. ನೀನು ಯಾಕ ನೋಡವಲ್ಲಿ?"

ಮಗುವಿನ ಸಮಾಧಾನಕ್ಕೆಂದು ಗುಡ್ಡ ಹತ್ತಿದೆ. ತೂಗುಗಲ್ಲಿಗೂ ಅದರ ಕೆಳಗಿನ ಬಂಡೆಗೂ ನಡುವೆ ಒಂದು ಸಂದು ಇದೆ. ನಾನು ಹುಡುಗಿಯಾಗಿದ್ದಾಗ ಅದರಲ್ಲಿ ಕೈ ಇಟ್ಟರೆ ಮಣಿಕಟ್ಟಿನ ತನಕ ಹೋಗುತ್ತಿತ್ತು, ಅಲ್ಲಿಗೆ ಕಲ್ಲು ತಾಗುತ್ತಿತ್ತು. ಈಗಲೂ ನನ್ನ ಕಣ್ಣಿಗೆ ಅದು ಅಷ್ಟೇ ಇದೆ, ಅಂಗೈ ಆಳದ ಸಂದು. ಕೈ ಇಟ್ಟೆ. ಮಣಿಕಟ್ಟು ದಾಟಿತು, ಮೊಣಕೈ ದಾಟಿತು, ಭುಜದ ತನಕ ಹೋಯಿತು, ಆದರೂ ಬೆರಳಿಗೆ ಕಲ್ಲು ಸಿಗಲಿಲ್ಲ. ಒಳಗಿನಿಂದ ತಣ್ಣನೆಯ ಗಾಳಿ ಬೆರಳ ಸಂದಿನಲ್ಲಿ ಹರಿಯುತ್ತಿತ್ತು. ಕಣ್ಣಿಗೆ ಮಾತ್ರ ನನ್ನ ತೋಳು ಗಟ್ಟಿ ಬಂಡೆಯೊಳಗೆ ಇಲ್ಲವಾಗಿತ್ತು. ಎಷ್ಟು ಹೊತ್ತು ನೋಡಿದರೂ ಬಂಡೆ ಬಂಡೆಯಾಗಿಯೇ ಇತ್ತು. ಅಂಥ ಹೆದರಿಕೆಯನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

ಯಂಕೋಬಣ್ಣನನ್ನು ಕರೆದುಕೊಂಡು ಹೋದೆ. ಅವನು ಕೆಟ್ಟವನಲ್ಲ, ಕೆಟ್ಟವನಾಗಿದ್ದರೆ ಬೈದು ಹಗುರಾಗಬಹುದಿತ್ತು. ಅವನೂ ತೋಳು ಹಾಕಿದ. ಬಹಳ ಹೊತ್ತು ತೆಗೆಯಲಿಲ್ಲ. ಆಮೇಲೆ ತೆಗೆದು, ಧೂಳು ಕೊಡವಿಕೊಂಡು, ಕೆಳಗೆ ಅಂಗಳದಲ್ಲಿ ಕಾಳು ಹಸನು ಮಾಡುತ್ತಿದ್ದ ಹೆಂಗಸರನ್ನು ನೋಡಿದ. "ಹುಲಿಗೆವ್ವಾ, ಕೈಗೆ ಹತ್ತಿದ್ದು ಖರೇನ ಇದ್ದೀತು. ಆದ್ರ ಆರ್ನೂರು ಮಂದಿಗೆ ಕಾಣದ್ದನ್ನ ನಾ ಹ್ಯಾಂಗ ಸಾರ್ಲಿ? ಸಾರಿದ್ರೂ ಎಲ್ಲಿಗೆ ಕರ್ಕೊಂಡು ಹೋಗ್ಲಿ? ಆಚಿ ದಂಡಿಗೆ ಧೂಳಿ ಬಿಟ್ರ ಏನೈತಿ?" ಎಂದ. ಗುಡ್ಡ ಇಳಿಯುವಾಗ ಇನ್ನೊಂದು ಮಾತು ಸೇರಿಸಿದ. "ಹುಡುಗಿಗೆ ಲಗೂನ ಎಳಿ ಹಾಕಿಸಿಬಿಡವ್ವಾ. ಪಾಪ, ಅಂಜಿಕಿ ಹೋಗ್ತೈತಿ." ಅಂದಿನಿಂದ ಅವನು ಅಂಗಳದಲ್ಲಿ ಕೂರುವುದು ಕಡಿಮೆ ಮಾಡಿದ್ದಾನೆ. ಯಾರೂ ಗಮನಿಸಿಲ್ಲ.

ಓಡಿಹೋಗಲಿಲ್ಲವೇ ಎನ್ನುತ್ತೀರಿ. ಹೋದೆ. ಒಂದು ಬುತ್ತಿ ಕಟ್ಟಿಕೊಂಡು, ಸುಂಕಿಯ ಕೈ ಹಿಡಿದು, ಹರಿಗೋಲು ಕಟ್ಟುವ ಜಾಗಕ್ಕೆ ನಡೆದೆ. ನನಗೆ ದಂಡೆ ಮೊದಲಿದ್ದಲ್ಲೇ ಕಾಣುತ್ತಿತ್ತು. ಹೊಳೆ ಯಾವಾಗಲೋ ಊರ ಕಡೆಗೆ ಸರಿದಿದೆ, ನಾನು ಸೀದಾ ನಡೆದು ಕುತ್ತಿಗೆಯ ತನಕ ನೀರಿಗಿಳಿದೆ. ಕಾಲಿಗೆ ನೀರು ತಾಗಿದರೂ ಕಣ್ಣು ಮರಳೆಂದಿತು, ನಾನು ಕಣ್ಣನ್ನು ನಂಬಿದೆ. ಎಪ್ಪತ್ತು ವರ್ಷದ ಅಭ್ಯಾಸ. ಸುಂಕಿ ನನ್ನ ಸೆರಗು ಹಿಡಿದು ಕಲ್ಲಿಗೆ ಕಾಲು ಕೊಟ್ಟು ಎಳೆದಳು. ಇಬ್ಬರೂ ದಂಡೆಯಲ್ಲಿ ಕೂತು ಒದ್ದೆ ಬುತ್ತಿ ತಿಂದೆವು. ಅವಳು, "ಅಜ್ಜೀ, ನಿನ್ನ ಕರ್ಕೊಂಡು ಹೋಗಾಕ ನನಗ ಆಗಂಗಿಲ್ಲ. ನಿನ್ನ ಬಿಟ್ಟು ಹೋಗಾಕೂ ಆಗಂಗಿಲ್ಲ" ಎಂದಳು. ವಾಪಸು ಬಂದೆವು.

ಅದಾದ ಮೇಲೆ ಅವಳು ಕಲ್ಲಿನ ಮಾತು ಆಡಲಿಲ್ಲ. ಊಟ ಕಡಿಮೆಯಾಯಿತು. ಓಣಿಯ ಮಕ್ಕಳು ಅಂಗಳದಲ್ಲಿ ಕುಂಟಾಬಿಲ್ಲೆ ಆಡುವಾಗ ಇವಳು ದೂರ ನಿಂತು ಮೇಲೆ ನೋಡುವಳು, ಅವರನ್ನು ನೋಡುವಳು. ಹೋದ ವಾರ ನಾನು ತಲೆ ಬಾಚುತ್ತಿದ್ದಾಗ ತಾನಾಗಿ ಬಾಯಿ ಬಿಟ್ಟಳು. "ನನಗೂ ಎಳಿ ಹಾಕ್ಸಜ್ಜಿ. ಎಲ್ಲಾರೂ ನಕ್ಕೋತ ಉಣ್ತಾರ. ನನಗೊಬ್ಬಾಕಿಗೇ ಅಂಜಿಕಿ. ನನಗ ಸಾಕಾಗೇತಿ." ಎಂಟು ವರ್ಷದ ಮಗು ಸಾಕಾಗೇತಿ ಎಂದದ್ದನ್ನು ಕೇಳಿ ಬಾಚಣಿಗೆ ಕೆಳಗಿಟ್ಟೆ. ತಲೆ ನೀನೇ ಹಿಡಿಯಬೇಕು, ಅಲುಗಾಡದ ಹಾಗೆ ಹಿಡಿಯಬೇಕು ಎಂದು ಮಾತು ತೆಗೆದುಕೊಂಡಳು. ಕೊಟ್ಟೆ.

ಎಳೆ ಹಾಕುವುದು ಒಂದು ಹಳೆಯ ಯಂತ್ರ. ಅದನ್ನು ಮಾಡಿದವರು ಸತ್ತು ಇನ್ನೂರು ವರ್ಷವಾಗಿದೆ, ನಾವು ಎಣ್ಣೆ ಬಿಡುತ್ತೇವೆ ಅಷ್ಟೆ. ಮಗುವಿನ ಹಿಂದಲೆ ಬೋಳಿಸಿ, ರಕ್ತಸಂಬಂಧಿ ಒಬ್ಬರು ಎರಡೂ ಅಂಗೈಗಳಲ್ಲಿ ತಲೆ ಹಿಡಿಯಬೇಕು. ಸೂಜಿ ಒಂದೊಂದೇ ಅಂತಸ್ತು ಎಣಿಸುತ್ತ ಇಳಿಯುತ್ತದೆ. ಎಳೆ ಬಿಡುವ ಮುಂಚೆ ತಲೆ ಕೂದಲೆಳೆಯಷ್ಟು ಅಲುಗಿದರೂ ಯಂತ್ರ ಹೆದರಿ ಸೂಜಿಯನ್ನು ಎಳೆದುಕೊಂಡು ನಿಂತುಬಿಡುತ್ತದೆ. ಮಗುವಿಗೆ ಏನೂ ಆಗುವುದಿಲ್ಲ, ಆದರೆ ಅದೇ ತಲೆಗೆ ಯಂತ್ರ ಎರಡನೆಯ ಸಲ ಸೂಜಿ ಇಳಿಸುವುದಿಲ್ಲ. ಆ ಮಗು ಸಾಯುವ ತನಕ ತನ್ನ ಕಣ್ಣಿಗೆ ಬಿದ್ದದ್ದನ್ನೇ ನೋಡಿಕೊಂಡಿರಬೇಕು. ನನ್ನ ಕಾಲದಲ್ಲಿ ಯಾರ ಕೈಯೂ ಅಲುಗಿಲ್ಲ. ನಾನು ಬರುವುದಿಲ್ಲ ಎಂದರೆ ಯಂಕೋಬಣ್ಣ ಹಿಡಿಯುತ್ತಾನೆ. ಅವನೂ ದೂರದ ರಕ್ತವೇ, ಅವನ ಕೈ ಕಬ್ಬಿಣ.

ಈಗ ನನ್ನ ಬೇಡಿಕೆ. ಮೊದಲನೆಯದು ನಿಮ್ಮಲ್ಲಿ ಆ ದಾರಿಗಳ ನಕ್ಷೆ ಬರೆಯುತ್ತಿರುವವರಿಗೆ. ನಾಳೆ ಯಾರೋ ಒಬ್ಬರು ಕರುಣೆಯಿಂದಲೇ ನಿಮ್ಮ ಬಾಗಿಲಿಗೆ ಬಂದು, ಕುರುಡರಿಗೆ ಕಣ್ಣು ಕೊಡಬಹುದು, ಒಂದೇ ಒಂದು ತಂತಿ ಆ ಖಾಲಿ ಅಂತಸ್ತಿಗೆ ಬಿಡೋಣ ಎನ್ನುತ್ತಾರೆ. ಹೊರಗಿನ ಸುದ್ದಿಯನ್ನು ಎಷ್ಟು ಬೇಕಾದರೂ ಒಳಗೆ ಬಿಡಿ, ಅದು ಪುಣ್ಯದ ಕೆಲಸ. ಊಹೆಯನ್ನು ಮಾತ್ರ ಅಲ್ಲಿಗೆ ಬಿಡಬೇಡಿ. ಊಹೆ ತಪ್ಪಲ್ಲ, ಅದಿಲ್ಲದೆ ಮಂಜಿನಲ್ಲಿ ಒಂದು ಮರವನ್ನೂ ಗುರುತಿಸಲಾಗದು. ಆದರೆ ಅದು ಸುದ್ದಿಯ ಕೋಣೆಯಲ್ಲಿ ಕೂತರೆ ಇದು ಊಹೆ ಎಂದು ಹೇಳುವವರು ಯಾರೂ ಉಳಿಯುವುದಿಲ್ಲ. ನಿಮ್ಮ ಚಿತ್ರದಲ್ಲಿ ಬೆಳ್ಳಗೆ ಬಿಟ್ಟದ್ದನ್ನು ತಲೆಯಲ್ಲೂ ಬೆಳ್ಳಗೇ ಬಿಡಿ. ನೀವು ಕೇಳಿದರೆ ಈ ಊರು ಹೀಗಿರುವುದಿಲ್ಲ, ಬಹುಶಃ ನಾನೂ ಹುಟ್ಟುವುದಿಲ್ಲ. ಅದರಿಂದ ನಷ್ಟವೇನಿಲ್ಲ.

ಎರಡನೆಯದು ನನ್ನ ಸ್ವಂತದ್ದು. ಸುಂಕಿ ಹಿಂದಲೆ ಬೋಳಿಸಿಕೊಂಡು, ಹೊಸ ಲಂಗ ಉಟ್ಟು, ಹೊರಗೆ ನನ್ನನ್ನು ಕೂಗುತ್ತಿದ್ದಾಳೆ. ವರ್ಷದ ಮೇಲೆ ಅವಳ ದನಿಯಲ್ಲಿ ಗೆಲುವು ಕೇಳುತ್ತಿದೆ. ನಾನು ಈಗ ಮಾಡಹೊರಟಿರುವುದನ್ನು ಅವಳು ಮನ್ನಿಸುವುದಿಲ್ಲ. ಊರವರು ಅವಳನ್ನು ಹುಚ್ಚಿ ಎನ್ನುತ್ತಾರೆ. ಅವಳು ಒಬ್ಬಳೇ, ಕಲ್ಲು ಉರುಳಿದರೂ ತಲುಪದ ಎದುರು ಗುಡ್ಡದಲ್ಲಿ ಕೂತು ದಿನಾ ಆ ಕಲ್ಲು ನೋಡಬೇಕಾಗುತ್ತದೆ, ನನ್ನನ್ನು ಶಪಿಸಬೇಕಾಗುತ್ತದೆ. ಶಪಿಸಲಿ, ಎದುರು ಗುಡ್ಡದಿಂದ ಶಪಿಸಲಿ. ನನಗೆ ಇರುವ ಭಯ ಒಂದೇ. ಐದು ತಲೆಮಾರಿನಿಂದ ಹಿಡಿಯುವುದನ್ನೇ ಕಲಿತ ಕೈಗಳಿವು, ಮಗುವಿನ ತಲೆ ಅಂಗೈಗೆ ಬಂದ ಕೂಡಲೇ ತಾವಾಗಿಯೇ ಗಟ್ಟಿಯಾಗಿಬಿಡುತ್ತವೆ. ಹಿರಿಯರೇ, ಮಳೆ ಬೇಡ, ಸೊಂಟನೋವು ಇರಲಿ. ಇವತ್ತು ಮಧ್ಯಾಹ್ನ ಸೂಜಿ ಮೂರನೆಯ ಅಂತಸ್ತು ದಾಟುವ ಹೊತ್ತಿಗೆ ಈ ಮುದುಕಿಯ ಕೈ ಒಂದು ಸಲ ನಡುಗಲಿ ಎಂದು ಹರಸಿ.